ಮಾಮನ ಮಡಿಲಿನ ಕೆಲಸ

ನಮ್ಮ ವರ್ಕ್‌ಶಾಪಿನಲ್ಲಿ ಕಿವಿ ಅಂದರೆ ಬೆರಳಗಲದ ತಗಡಿನ ತುಂಡು. ಮೋಟರಿನ ಹಿಂಭಾಗದಲ್ಲಿ ಫ್ಯಾನ್ ತಿರುಗುತ್ತದಲ್ಲ, ಅದನ್ನು ಮುಚ್ಚಲು ಬೋಗುಣಿಯಂಥ ಒಂದು ಕವರ್ ಇರುತ್ತದೆ. ಆ ಕವರಿಗೆ ನಾಲ್ಕು ಕಡೆ ನಾಲ್ಕು ಕಿವಿ. ಕಿವಿಯ ತೂತಿನಲ್ಲಿ ಬೋಲ್ಟ್ ಹಾಕಿ ಮೋಟರಿಗೆ ಬಿಗಿಯುತ್ತಾರೆ. ಕವರಿಗೆ ಕಿವಿ ಕೂಡಿಸುವುದು ಸ್ಪಾಟ್ ವೆಲ್ಡಿಂಗ್ ಕೆಲಸ. ಅದನ್ನು ಮಾಡುತ್ತಿದ್ದವರು ನಾವಿಬ್ಬರು ಹೆಂಗಸರು. ನಾನು, ಮತ್ತೆ ಪಲ್ಲಡದಿಂದ ದಿನಾ ಬಸ್ಸಿನಲ್ಲಿ ಬರುವ ಅಕ್ಕ.

ಕಿವಿ ಅಂದಮೇಲೆ ಕಿವಿ ಚುಚ್ಚುವ ಮಾತು ಬರದೇ ಇರುತ್ತದಾ? ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚಿಸುವುದು ಅಂದರೆ ಅರ್ಧ ಮದುವೆ. ಮಂಟಪ ಹಿಡಿದು, ನೆಂಟರಿಗೆಲ್ಲ ಊಟ ಹಾಕಿ, ಸೋದರಮಾವನ ಮಡಿಲಲ್ಲಿ ಮಗುವನ್ನು ಕೂರಿಸಿ ಚುಚ್ಚಿಸುತ್ತಾರೆ. ಮಗು ಒದ್ದಾಡದ ಹಾಗೆ ಮಾಮ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕವರನ್ನೂ ಕಿವಿಯನ್ನೂ ಅಲುಗಾಡದಂತೆ ಹಿಡಿಯುವ ಕಬ್ಬಿಣದ ಅಚ್ಚೊಂದು ನಮ್ಮ ಮೆಷಿನ್ನಿನಲ್ಲಿತ್ತು, ಫಿಕ್ಸ್ಚರ್ ಅನ್ನುತ್ತಾರೆ. ಅಕ್ಕ ಅದಕ್ಕೆ ಮಾಮನ ಮಡಿಲು ಅಂತ ಹೆಸರಿಟ್ಟಳು. ಕೊನೆಗೆ ಸೂಪರ್‌ವೈಸರ್ ಕೂಡ ಹಾಗೇ ಕರೆಯತೊಡಗಿದ: "ಅಕ್ಕಾ, ಮಾಮನ ಮಡಿಲಲ್ಲಿ ಪುಡಿ ಕೂತಿದೆ, ಬ್ರಷ್ ಹಾಕಿ." ಸಂಜೆ ಹೋಗುವಾಗ, "ಇವತ್ತು ಎಷ್ಟು ಮಕ್ಕಳಿಗೆ ಚುಚ್ಚಿದ್ರಿ? ನಮಗೊಂದು ಊಟ ಇಲ್ವಾ?"

ಯಾರಾದರೂ ಕೇಳಿದರೆ ನಾನು ಮನೆಯಲ್ಲಿರುವವಳು ಅಂತಲೇ ಹೇಳುವುದು. ಬೆಳಗಿನ ದೀಪ, ಅಡುಗೆ, ಅತ್ತೆಗೆ ಕಷಾಯ, ಮನೆಯವರ ಇನ್ಸುಲಿನ್ ಸೂಜಿ, ಇಷ್ಟೇ ನನ್ನ ಕೆಲಸ ಅಂತ ಮನಸ್ಸು ಈಗಲೂ ಒಪ್ಪಿಕೊಂಡಿದೆ. ಮನೆಯವರು ನೂಲಿನ ಅಂಗಡಿಯಲ್ಲಿ ದಿನವೆಲ್ಲ ನಿಂತು ದುಡಿಯುವವರು. ಸಕ್ಕರೆ ಕಾಯಿಲೆಯಲ್ಲಿ ಅವರ ಕಾಲಿಗೆ ಗಾಯವಾಗಿ ಮಾಯದೇ ಹೋಯಿತು. ಕೆಲಸಗಾರರಿಗೂ ಅವರ ಕುಟುಂಬಕ್ಕೂ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇ.ಎಸ್.ಐ. ಅಂಗಡಿಯಲ್ಲಿ ಇಲ್ಲ. ಆಗ ಸಿಂಗಾನಲ್ಲೂರಿನ ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದ ಈ ವರ್ಕ್‌ಶಾಪಿಗೆ ನಾನು ಬಂದು ಕೂತೆ. ನನ್ನ ಹೆಸರಿನಲ್ಲಿ ಇ.ಎಸ್.ಐ. ಕಾರ್ಡು ಬಂತು. ಆ ಕಾರ್ಡಿನಿಂದ ಅವರ ಕಾಲು ಉಳಿಯಿತು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಚೌಡಮ್ಮ ತಾಯಿ ಕೊಟ್ಟಿದ್ದನ್ನು ಎಣಿಸುವಾಗ ನಾನು ಉಳಿದ ಬೆರಳುಗಳಿಂದ ಶುರು ಮಾಡುತ್ತೇನೆ.

ಅಕ್ಕನೂ ಕನ್ನಡದವಳು ಅಂತ ಮೊದಲು ಗೊತ್ತಿರಲಿಲ್ಲ. ತಮಿಳು ಸೀಮೆಯ ಊರು, ವರ್ಕ್‌ಶಾಪಿನಲ್ಲಿ ಎಲ್ಲ ತಮಿಳೇ. ಒಂದು ದಿನ ಕಿಡಿ ಹಾರಿ ಅವಳ ರವಿಕೆ ತೋಳಿನೊಳಗೆ ಬಿತ್ತು. "ಅಯ್ಯೋ ಚೌಡಮ್ಮಾ, ಸುಟ್ಟೋಯ್ತಲ್ಲೇ!" ಅಂದಳು. ನಾನು ಪೆಡಲ್ ಮೇಲಿಂದ ಕಾಲು ತೆಗೆದು, "ನೀವು ನಮ್ಮೋರಾ?" ಅಂದೆ. "ನೇಯೋರ ಮನೆ ಕಣಮ್ಮಿಣಿ," ಅಂದಳು ತೋಳು ಊದಿಕೊಳ್ಳುತ್ತಾ. ಅಮ್ಮಿಣಿ ಅನ್ನುವುದು ಈ ಕಡೆ ಕಿರಿಯರನ್ನು ಮುದ್ದಿನಿಂದ ಕರೆಯುವ ಮಾತು. ಆಮೇಲೆ ನನಗೆ ಅದೇ ಹೆಸರಾಯಿತು. ಅವಳು ಕೆಲಸ ಮಾಡುತ್ತಿದ್ದ ಪವರ್‌ಲೂಮ್ ಶೆಡ್ಡು ಮುಚ್ಚಿದ್ದರಿಂದ ಇಲ್ಲಿಗೆ ಬಂದವಳು. ಮಗ್ಗದ ಸದ್ದಿಗೆ ಗಂಡನ ಕಿವಿ ಹೋಗಿತ್ತು. "ಊರಿಗೆಲ್ಲ ಕಿವಿ ಚುಚ್ತೀನಿ, ನಮ್ಮನೆಯೋರಿಗೆ ಮಾತ್ರ ಕಿವಿ ಕೇಳಲ್ಲ," ಅಂತ ಅವಳೇ ನಗುತ್ತಿದ್ದಳು. ಆ ಕಿವಿಗೆ ಹಾಕುವ ಮೆಷಿನ್ನೂ ಅವಳ ಕಾರ್ಡಿನಲ್ಲೇ ಬರಬೇಕಿತ್ತು.

ಕೆಲಸ ಹೀಗೆ. ಮೇಲೊಂದು ಕೆಳಗೊಂದು ತಾಮ್ರದ ಕಡ್ಡಿ. ತಗಡುಗಳನ್ನು ನಡುವೆ ಇಟ್ಟು ಪೆಡಲ್ ಒತ್ತಿದರೆ ಮೇಲಿನ ಕಡ್ಡಿ ಇಳಿದು ಕಚ್ಚುತ್ತದೆ, ಕರೆಂಟು ಹಾಯುತ್ತದೆ, ತಗಡು ಆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕರಗಿ ಒಂದಾಗುತ್ತದೆ. ಕರೆಂಟು ನಿಂತ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಚ್ಚಿಯೇ ಇರಬೇಕು. ಅವಸರಪಟ್ಟರೆ ಬೆಸುಗೆ ಹಸಿಯಾಗಿಯೇ ಬಿಡುತ್ತದೆ. ಕಡ್ಡಿಯೊಳಗೆ ತಣ್ಣೀರು ಓಡುತ್ತಿರಬೇಕು. ತಾಮ್ರದ ತುದಿ ಬರಬರುತ್ತಾ ಅಣಬೆಯ ಹಾಗೆ ಅರಳುತ್ತದೆ, ಅರ ಹಾಕಿ ಮತ್ತೆ ಸಪೂರ ಮಾಡಬೇಕು. ಆಗಾಗ ಒಂದು ಪೀಸ್ ತೆಗೆದು ಇಕ್ಕಳದಲ್ಲಿ ಕಿವಿ ಕಿತ್ತು ನೋಡಬೇಕು. ಕವರಿನ ತಗಡನ್ನೂ ಹರಿದುಕೊಂಡು ಬಂದರೆ ಬೆಸುಗೆ ಕೂಡಿದೆ ಅಂತ ಅರ್ಥ. ನುಣ್ಣಗೆ ಕಳಚಿಕೊಂಡು ಬಂದರೆ ಆವರೆಗಿನ ಇಡೀ ರಾಶಿಯನ್ನು ಮತ್ತೆ ನೋಡಬೇಕು.

ಪುರಟ್ಟಾಸಿ ತಿಂಗಳಲ್ಲಿ, ದಸರೆಗೆ ಮುಂಚೆ, ನೀಲಿ ಟಾರ್ಪಾಲ್ ಹೊದ್ದುಕೊಂಡು ಹೊಸ ಮೆಷಿನ್ ಬಂತು. ಯಜಮಾನರನ್ನು ಇಲ್ಲಿ ಮುದಲಾಳಿ ಅನ್ನುತ್ತೇವೆ. ನಮ್ಮ ಕವರು ಕೊಳ್ಳುವ ದೊಡ್ಡ ಪಂಪ್ ಕಂಪನಿಯವರು ಅವರಿಗೆ, ಪ್ರತಿ ಚುಕ್ಕೆಯೂ ಒಂದೇ ಥರ ಇರಬೇಕು, ಕೈ ಕೆಲಸ ಆಗದು, ಅಂದಿದ್ದರಂತೆ. ಚೈನ್ ಬ್ಲಾಕ್ ಹಾಕಿ ಇಳಿಸಿದರು. ಮುದಲಾಳಿ ಬೂದುಗುಂಬಳ ಒಡೆದರು. ಟಾರ್ಪಾಲ್ ತೆಗೆದರೆ ಒಂದು ಉದ್ದ ಬಿಳಿ ತೋಳು, ರೋಬೋ ಅಂತೆ, ತೋಳಿನ ತುದಿಗೆ ನಮ್ಮ ತಾಮ್ರದ ಕಡ್ಡಿಗಳೇ.

ಅದನ್ನು ಜೋಡಿಸಲು ಬಂದ ಎಂಜಿನಿಯರ್ ತೆಳ್ಳಗಿನ ಹುಡುಗ, ಕುತ್ತಿಗೆ ಸ್ವಲ್ಪ ಉದ್ದ. ನಾವಿಬ್ಬರೂ ಕವರಿಗೆ ಕಿವಿ ಹಾಕುತ್ತಾ ನಮ್ಮ ಪಾಡಿಗೆ ಮಾತಾಡುತ್ತಿದ್ದೆವು. ವರ್ಕ್‌ಶಾಪಿನಲ್ಲಿ ನಮ್ಮ ಕನ್ನಡ ನಮಗೆ ಗೋಡೆ ಇದ್ದಂತೆ. ಗೋಡೆಯ ಒಳಗೆ ಏನು ಬೇಕಾದರೂ ಅನ್ನಬಹುದು.

"ಸುಟ್ಟ ಕೊಕ್ಕರೆ ಥರಾ ಇದೆ ನೋಡು ಅಮ್ಮಿಣಿ," ಅಂದಳು ಅಕ್ಕ. "ಕುತ್ತಿಗೆ ಚಾಚೋದು ನೋಡು. ತಂದು ಇಟ್ಟೋನೂ ಹಂಗೇ ಇದಾನೆ. ಅಪ್ಪ ಮಗ ಅನ್ಬೇಕು."

"ಸುಮ್ನಿರಿ ಅಕ್ಕಾ."

"ಯಾಕೆ, ಕೊಕ್ಕರೆಗೆ ಕನ್ನಡ ಬರುತ್ತಾ?"

ಅವನು ಬೋಲ್ಟ್ ಬಿಗಿಯುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೇ ಹೇಳಿದ: "ಕೊಕ್ಕರೆ ಅನ್ನಿ ಪರವಾಗಿಲ್ಲಮ್ಮಾ. ಸುಟ್ಟ ಕೊಕ್ಕರೆ ಅನ್ಬೇಡಿ. ನಮ್ಮೂರು ತುಮಕೂರು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಷಿನ್ನಿನ ಹಿಂದೆ ಹೋಗಿ ನಿಂತುಬಿಟ್ಟಳು. ಮಧ್ಯಾಹ್ನ ತನ್ನ ಡಬ್ಬಿಯ ಹುಳಿಯನ್ನ ಅವನಿಗೆ ಅರ್ಧ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಂಡಳು.

ಅವನು ಒಳ್ಳೆಯವನು. ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ. ನಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದ. ಎಷ್ಟು ಹೊತ್ತು ಹಿಡಿದುಕೊಳ್ಳುತ್ತೀರಿ, ಯಾವಾಗ ಅರ ಹಾಕುತ್ತೀರಿ ಅಂತ ಕೇಳಿದ. ಅವನಿಗೆ ಬಹಳಷ್ಟು ಮೊದಲೇ ಗೊತ್ತಿತ್ತು, ಆದರೂ ಕೇಳಿದ. ಹೇಳದೇ ಇರಬಹುದಿತ್ತು. ಹುಳಿಯನ್ನ ತಿಂದವನ ಹತ್ತಿರ ಮುಚ್ಚಿಡಲು ನಮಗೆ ಮನಸ್ಸು ಬರಲಿಲ್ಲ. ಮೊದಲ ದಿನಗಳಲ್ಲಿ ಆ ತೋಳು ಕಿವಿಯನ್ನು ಓರೆಯಾಗಿ ಕೂಡಿಸಿತು. ಆಮೇಲೆ ತಗಡಿನಲ್ಲಿ ಕರಿ ತೂತು ಸುಟ್ಟಿತು, ಕಿಡಿ ಮಳೆಯ ಹಾಗೆ ಸುರಿಯಿತು. "ಹಾಗೇ ಆಗಲಿ," ಅಂತ ನನ್ನೊಳಗೆ ಯಾರೋ ಅಂದರು. ಅವನು ಹೊಸ ಮಾಮನ ಮಡಿಲನ್ನು ಕೂದಲೆಳೆಯಷ್ಟು ಎತ್ತರಿಸಿದ, ಕಚ್ಚುವ ಒತ್ತಡ ಹೆಚ್ಚಿಸಿ ಕರೆಂಟು ತಗ್ಗಿಸಿದ. ಒಂದು ಮಧ್ಯಾಹ್ನ ಪೀಸನ್ನು ತಂದು ನನ್ನ ಕೈಗೆ ಕೊಟ್ಟು, "ಕಿತ್ತು ನೋಡಿ ಅಮ್ಮಾ," ಅಂದ. ಇಕ್ಕಳ ಹಾಕಿದೆ. ಕಿವಿ ತಗಡನ್ನು ಹರಿದುಕೊಂಡೇ ಬಂತು. ನಾಲ್ಕೂ ಹಾಗೇ ಬಂದವು.

"ಇನ್ನು ನಾವಿಬ್ಬರೂ ಇದರ ಮುಂದೆ ಕೂರೋದಾ?" ಅಂತ ಅಕ್ಕ ಕೇಳಿದಳು.

ಅವನು ಕೈ ಒರೆಸಿಕೊಂಡ. "ಕವರನ್ನೂ ಕಿವಿಗಳನ್ನೂ ಇಟ್ಟು ಕೊಡೋಕೆ ಒಬ್ಬರು ಸಾಕಮ್ಮಾ. ಮುದಲಾಳಿಗೆ ಕೊಟ್ಟ ಕೊಟೇಷನ್ನಲ್ಲೇ ಹಾಗಿದೆ. ನಾನು ಹೇಳಿದೆ ಅಂತ ಹೇಳ್ಬೇಡಿ."

ಮಾರನೇ ದಿನ ಮುದಲಾಳಿಯೇ ಬಂದು ಹೇಳಿದರು. ನಮ್ಮ ಹಳೇ ಮೆಷಿನ್ ಎರಡನ್ನೂ ಮಾರುತ್ತಾರೆ. ಹೊಸದರ ಹತ್ತಿರ ಒಬ್ಬರು ಇರಬಹುದು. ಯಾರು ಅಂತ ಆಯುಧಪೂಜೆ ಮುಗಿದ ಮೇಲೆ ಹೇಳುತ್ತಾರೆ. "ಪೂಜೆಗೆ ಮುಂಚೆ ಯಾರ ಕಣ್ಣಲ್ಲೂ ನೀರು ಬೇಡ, ಸರಿಯಾಮ್ಮಾ?" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಆ ದಿನಗಳು ನನಗೆ ಬೇಡ. ನಮ್ಮ ಕನ್ನಡ ಕಮ್ಮಿಯಾಯಿತು. ಅಕ್ಕ ಒಂದು ಬಸ್ ಮುಂಚೆ ಬರತೊಡಗಿದಳು. ನಾನು ದೀಪ ಹಚ್ಚಿ ಓಡಿಬರುವಷ್ಟರಲ್ಲಿ ಅವಳು ಹೊಸ ಮೆಷಿನ್ನಿನ ಸುತ್ತ ಕಸ ಗುಡಿಸಿ ಮುಗಿಸಿರುತ್ತಿದ್ದಳು. ಮಾರನೇ ದಿನ ನಾನು ಇನ್ನೂ ಮುಂಚೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆವು. ಶುಕ್ರವಾರ ಕೋವಿಲಿನಲ್ಲಿ ಚೌಡಮ್ಮನ ಮುಂದೆ ನಿಂತೆ. ಇನ್ನೊಬ್ಬಳನ್ನು ತೆಗಿ ಅಂತ ತಾಯಿಯನ್ನು ಹೇಗೆ ಕೇಳುವುದು? ನನಗೆ ಕೊಡು ಅಂತ ಕೇಳಿದರೂ ಅದೇ ಅರ್ಥ ತಾನೇ? ಸುಮ್ಮನೆ ತೀರ್ಥ ತೆಗೆದುಕೊಂಡು ಬಂದೆ. ಮನೆಯವರು ಕಾಲು ತೊಳೆದು ಬಟ್ಟೆ ಸುತ್ತಿಕೊಳ್ಳುತ್ತಿದ್ದರು.

ಎಂಜಿನಿಯರ್ ದಸರೆಗೆ ಊರಿಗೆ ಹೋದ. ಆಯುಧಪೂಜೆಯ ದಿನ ಬೆಳಿಗ್ಗೆ ವರ್ಕ್‌ಶಾಪನ್ನೆಲ್ಲ ತೊಳೆದೆವು. ಸ್ಪ್ಯಾನರ್, ಸುತ್ತಿಗೆ, ಅರ, ಎಲ್ಲ ಒರೆಸಿ ಬಾಳೆಲೆಯ ಮೇಲೆ ಸಾಲಾಗಿ ಇಟ್ಟೆವು. ಪುರಿ, ಕಡಲೆ, ಬೆಲ್ಲ, ಹಣ್ಣು. ಪ್ರತಿ ಮೆಷಿನ್ನಿಗೂ ಬಾಳೆಕಂದು, ವಿಭೂತಿ ಪಟ್ಟೆ, ಗಂಧ, ಕುಂಕುಮ. ಹಳೇ ಎರಡು ಮೆಷಿನ್ನಿಗೆ ನಾವು ಅವತ್ತು ಸ್ವಲ್ಪ ಹೆಚ್ಚೇ ಹೂವು ಹಾಕಿದೆವು.

ಹೊಸದರ ಮುಂದೆ ಬಂದು ನಿಂತಾಗ ಅಕ್ಕ ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದಳು. "ಇದಕ್ಕೂ ಇಡೋದಾ?"

"ಇದೂ ಆಯುಧ ತಾನೇ ಅಕ್ಕಾ."

"ನಮ್ಮನ್ನ ಕಡಿಯೋ ಆಯುಧ." ಗಂಧದ ಬಟ್ಟಲು ಎತ್ತಿಕೊಂಡಳು. "ಇರಲಿ ಬಿಡು. ನಮ್ಮಪ್ಪ ಪವರ್‌ಲೂಮ್ ಬಂದಾಗ ಬೈಕೊಂಡೇ ಅದಕ್ಕೂ ಕುಂಕುಮ ಇಟ್ಟೋನು."

ಆ ಮೆಷಿನ್ನಿನ ಬಾಯಿಯ ಎರಡು ಪಕ್ಕದಲ್ಲಿ ಆಳೆತ್ತರದ ಎರಡು ಹಳದಿ ಕಂಬ ಇವೆ. ನೋಡಿದರೆ ಅರಿಸಿನ ಹಚ್ಚಿದ ಬಾಗಿಲ ನಿಲುವುಗಳೇ. ಕಂಬದ ಒಳಮೈಗೆ ಕಪ್ಪು ಗಾಜಿನ ಪಟ್ಟಿ. ಮೆಷಿನ್ ಓಡುವಾಗ ಈ ಕಂಬಗಳ ನಡುವೆ ಕೈ ತೂರಿಸಿದರೆ ತಾನಾಗಿ ನಿಲ್ಲುತ್ತದೆ ಅಂತ ಎಂಜಿನಿಯರ್ ಹೇಳಿದ್ದ. ಕೈ ಅಂತ ಹೇಳಿದ್ದ. ಹಳದಿ ನಿಲುವು ಕಂಡಮೇಲೆ ನೇಯುವವರ ಮನೆಯ ಹೆಂಗಸರ ಕೈ ಸುಮ್ಮನಿರುತ್ತದಾ? ಹಳದಿ ಮೇಲೆ ಕುಂಕುಮ ಕಾಣುವುದಿಲ್ಲ ಅಂತ ಇಬ್ಬರೂ ಕಪ್ಪು ಗಾಜಿನ ಮೇಲೆ ಮೇಲಿಂದ ಕೆಳಗಿನವರೆಗೆ ಗಂಧ ಇಟ್ಟು, ಗಂಧದ ಮೇಲೆ ಕುಂಕುಮ ಇಟ್ಟೆವು. ಬಲಗಡೆ ನಾನು, ಎಡಗಡೆ ಅಕ್ಕ. ಚೆನ್ನಾಗಿ ಕಾಣಿಸಿತು. ಮುದಲಾಳಿ ಕರ್ಪೂರದ ತಟ್ಟೆ ಹಿಡಿದು ಆ ಬಾಗಿಲಿಗೇ ಆರತಿ ಎತ್ತಿದರು. ಎಲ್ಲರೂ ಕಣ್ಣಿಗೆ ಒತ್ತಿಕೊಂಡೆವು. ಅವತ್ತು ಯಾವುದನ್ನೂ ಓಡಿಸಬಾರದು, ಬಾಗಿಲು ಹಾಕಿ ಮನೆಗೆ ಹೋದೆವು.

ರಜೆ ಕಳೆದು ಬಂದು ಸ್ವಿಚ್ ಹಾಕಿದರೆ ಕೆಂಪು ದೀಪ. ತೋಳು ಕದಲಲಿಲ್ಲ. ಸೂಪರ್‌ವೈಸರ್ ಕರೆಂಟು ತೆಗೆದು ಹಾಕಿದ, ಗಾಳಿಯ ಪೈಪು ನೋಡಿದ, ನೀರು ನೋಡಿದ. ಊರಿನಲ್ಲಿದ್ದ ಎಂಜಿನಿಯರ್ ಫೋನಿನಲ್ಲೇ ಒಂದೊಂದು ಕೇಳಿದ, ಇವನು ಒಂದೊಂದು ಹೇಳಿದ. ಮುಂದೆ ಏನಾದರೂ ಅಡ್ಡ ಇದೆಯಾ ಅಂದರೆ ಏನೂ ಇಲ್ಲ ಅಂದ. ಕುಂಕುಮ ಯಾರ ಕಣ್ಣಿಗೆ ಅಡ್ಡ ಅಂತ ಬೀಳುತ್ತದೆ? ಹಳೇ ಮೆಷಿನ್ನುಗಳ ವೈರು ಆಗಲೇ ಬಿಚ್ಚಿಯಾಗಿತ್ತು. ಪಂಪ್ ಕಂಪನಿಯ ವ್ಯಾನು ಬಂದು ನಿಂತು ಖಾಲಿ ಹೋಯಿತು. ಮುದಲಾಳಿ ಫೋನಿನಲ್ಲಿ ಮೆತ್ತಗೆ ಮಾತಾಡುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಫೋನ್ ಇಟ್ಟವರೇ ನನ್ನ ಕಡೆ ನೋಡಿ, "ಬೇಕು ಅಂತ ಯಾರಾದರೂ ಏನಾದರೂ ಮಾಡಿದ್ದರೆ..." ಅಂದರು. ಅಕ್ಕ ಅಲ್ಲಿರಲಿಲ್ಲ. ಧಾರಾಪುರಂ ಹತ್ತಿರ ಅಮರಾವತಿ ದಂಡೆಯಲ್ಲಿರುವ ಮನೆದೇವರಿಗೆ ಹೋಗಿದ್ದಳು, ಮಾರನೇ ದಿನ ಮಧ್ಯಾಹ್ನ ಬರುತ್ತೇನೆ ಅಂತ ರಜೆ ಹೇಳಿದ್ದಳು.

ಮಾರನೇ ದಿನ ಬೆಳಿಗ್ಗೆ ಎಂಜಿನಿಯರ್ ಬಸ್ ಇಳಿದು ನೇರವಾಗಿ ಬಂದ. ಮೆಷಿನ್ನಿನ ಮುಂದೆ ನಿಂತ, ಕಂಬ ನೋಡಿದ, ಜೇಬಿನಿಂದ ಕರವಸ್ತ್ರ ತೆಗೆದ. ನೀರು ಮುಟ್ಟಿಸಿ ಒಂದು ಗಾಜು ಒರೆಸಿದ. ಕೆಂಪೇ ಇತ್ತು. ಇನ್ನೊಂದನ್ನು ಒರೆಸಿದ. ಹಸಿರು ದೀಪ ಬಂತು.

"ಸಾರ್," ಅಂದ, "ಈ ಕಂಬದಿಂದ ಆ ಕಂಬಕ್ಕೆ ಕಣ್ಣಿಗೆ ಕಾಣದ ಬೆಳಕು ಹೋಗುತ್ತೆ. ಬೆಳಕು ತಡೆದರೆ ಯಾರದೋ ಕೈ ಒಳಗಿದೆ ಅಂದ್ಕೊಳ್ಳುತ್ತೆ. ಎರಡೂ ಕಡೆ ಕುಂಕುಮ ಹಚ್ಚಿದ್ದಾರೆ. ಮೆಷಿನ್ನಿಗೆ ಏನೂ ಆಗಿಲ್ಲ."

ಅವನಿಗೆ ನಗು ಬರುತ್ತಿತ್ತು, ತಡೆದುಕೊಂಡ. ಮುದಲಾಳಿಗೆ ಬರಲಿಲ್ಲ.

"ಯಾರು ಹಚ್ಚಿದ್ದು?" ಅಂದರು. ನಾನೊಬ್ಬಳೇ ಎದುರಿಗೆ. "ಹೇಳಮ್ಮಾ. ಯಾರು ಹಚ್ಚಿದರೋ ಅವರು ಈ ಮೆಷಿನ್ ಹತ್ತಿರ ಬೇಡ. ಇಬ್ಬರಲ್ಲಿ ಯಾರು ಅಂತ ನಾನು ಯೋಚನೆ ಮಾಡೋದೂ ತಪ್ಪುತ್ತೆ."

ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಏನೆಲ್ಲ ಬಂದುಹೋಯಿತು. ಅಕ್ಕ ಅಂತ ಒಂದು ಮಾತು ಅಂದರೆ ಸಾಕು, ಕಾರ್ಡು ನನ್ನದು, ಕಾಲು ನಮ್ಮದು. ಅದು ಅರ್ಧ ನಿಜವೂ ಹೌದು. ನಾನೊಬ್ಬಳೇ ಅಂದರೆ ಅದೂ ಅರ್ಧ ನಿಜ, ಆದರೆ ಸಂಜೆ ಮನೆಗೆ ಹೋಗಿ ಆ ಕಾಲಿನ ಮುಖ ಹೇಗೆ ನೋಡಲಿ? ಎರಡು ಅರ್ಧ ಕೂಡಿಸಿ ಪೂರ್ತಿ ನಿಜವನ್ನೇ ಹೇಳಿಬಿಟ್ಟೆ.

"ಬಲಗಡೆ ನಂದು. ಎಡಗಡೆ ಅಕ್ಕಂದು. ಆರತಿ ನಿಮ್ಮದು."

ಸೂಪರ್‌ವೈಸರ್ ಗೋಡೆಯ ಕಡೆ ತಿರುಗಿಕೊಂಡ. ಮುದಲಾಳಿ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು. ಎಂಜಿನಿಯರ್ ಕಂಬದ ಹೊರಮೈಗೆ ಬಿಳಿ ಟೇಪಿನಲ್ಲಿ ಒಂದು ಪುಟ್ಟ ಚೌಕ ಅಂಟಿಸಿದ. "ಇನ್ಮೇಲೆ ಇಡೋದಾದ್ರೆ ಇಲ್ಲಿ ಇಡಿ ಅಮ್ಮಾ. ಇಲ್ಲಿ ಇದಕ್ಕೆ ಕಣ್ಣಿಲ್ಲ."

ಮಧ್ಯಾಹ್ನ ಅಕ್ಕ ಪ್ರಸಾದದ ಪೊಟ್ಟಣ ಹಿಡಿದು ಬಂದಳು. ನಡೆದದ್ದನ್ನೆಲ್ಲ ಹೇಳಿದೆ. ಪೊಟ್ಟಣ ಕೈಯಲ್ಲೇ ನಿಂತಿತು.

"ನನ್ನ ಹೆಸರು ಯಾಕೆ ಎತ್ತಿದೆ? ನಾನು ಊರಲ್ಲೇ ಇರಲಿಲ್ಲ. ಬಲಗಡೆ ನಂದು ಅಂತ ಹೇಳಿ ಬಾಯಿ ಮುಚ್ಕೋಬೇಕಿತ್ತು."

"ನೀವಾಗಿದ್ರೆ?"

ಅವಳು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ಎಡಗಡೆದೂ ನಿಂದೇ ಅಂತ ಹೇಳ್ತಿದ್ದೆ," ಅಂದಳು.

ಯಾಕೋ ನಗು ಬಂದುಬಿಟ್ಟಿತು. ಅವಳಿಗೂ. ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು. ಪೂಜೆ ಮುಗಿದಿತ್ತಲ್ಲ, ಇನ್ನೇನು ಅಡ್ಡಿ. ಪ್ರಸಾದ ಬಿಚ್ಚಿ ನನ್ನ ಕೈಗೆ ಹಾಕಿದಳು. ನಮ್ಮಿಬ್ಬರದು ಇಕ್ಕಳ ಹಾಕಿ ಎಳೆದರೂ ತಗಡು ಹರಿದುಕೊಂಡೇ ಬರುವಂಥ ಬೆಸುಗೆ ಅಂತ ಆಗ ನನಗೆ ಗೊತ್ತಾಯಿತು. ಗೊತ್ತಾಗಿ ಸಂಕಟವೇ ಹೆಚ್ಚಾಯಿತು.

ಅವತ್ತು ಸಂಜೆ ಮನೆಯಲ್ಲಿ ಅತ್ತೆ ಹೂವು ಕಟ್ಟುತ್ತಾ ಕೇಳಿದರು: "ಈ ಶುಕ್ರವಾರ ಕೋವಿಲ್ ಮುರೆ ನಮ್ಮದಾ, ಮೂಲೆ ಮನೆಯೋರದಾ?"

ಮುರೆ ಅಂದರೆ ಸರದಿ. ನಮ್ಮ ಬೀದಿಯ ಚೌಡಮ್ಮನ ಕೋವಿಲಿನಲ್ಲಿ ಎಣ್ಣೆ, ಹೂವು, ನೈವೇದ್ಯ ವಾರಕ್ಕೊಂದು ಮನೆಯದು. ಉಳ್ಳವರಿಗೂ ಒಂದೇ ಮುರೆ, ಇಲ್ಲದವರಿಗೂ ಒಂದೇ ಮುರೆ. ಮುರೆ ಇಲ್ಲದ ವಾರ ದೇವಿ ನಮ್ಮವಳಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ.

"ಮೂಲೆ ಮನೆಯೋರದು," ಅಂದೆ. ಅಂದವಳೇ ಹಾಗೇ ನಿಂತೆ. ಅತ್ತೆ, "ಏನೇ, ಒಲೆ ಮೇಲೆ ಹಾಲು ಇಟ್ಟು ಕನಸು ಕಾಣ್ತೀಯಾ?" ಅಂದರು. ಹಾಲು ಉಕ್ಕಿಹೋಗಿತ್ತು.

ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗದೆ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಅಕ್ಕ ಇಳಿಯುತ್ತಿದ್ದ ಹಾಗೆ ಹೇಳಿದೆ. ಕೆಲಸ ಒಂದೇ, ಮುರೆ ಎರಡು. ಬೆಳಗ್ಗೆ ಒಬ್ಬಳು, ಮಧ್ಯಾಹ್ನದ ಮೇಲೆ ಒಬ್ಬಳು.

"ಅರ್ಧ ಕೂಲೀಲಿ ಬಸ್ಸಿಗೂ ಸಾಲಲ್ಲ ಅಮ್ಮಿಣಿ."

"ಕೂಲಿ ಅರ್ಧ. ಆದ್ರೆ ಹೆಸರು ಇಬ್ಬರದೂ ಇರುತ್ತೆ. ಕಾರ್ಡು ಅರ್ಧ ಆಗಲ್ಲ ಅಕ್ಕಾ."

ಅವಳು ಟೀ ಅಂಗಡಿಯ ಕಲ್ಲಿನ ಮೇಲೆ ಕೂತಳು. ಅವಳ ಎದುರಿಗೆ ಪಲ್ಲಡದ ಬಸ್ಸು ತಿರುಗಿ ಹೊರಟಿತು. ಅದನ್ನೇ ನೋಡುತ್ತಾ, "ಅರ್ಧ ದಿನ ನಮ್ಮೂರಲ್ಲಿ ಕೋಳಿ ಫಾರ್ಮಿಗೆ ಹೋಗಬಹುದು," ಅಂದಳು. "ನಾತ ಬರುತ್ತೆ. ಬರಲಿ. ನಾನು ಬೆಳಗ್ಗೆ."

ಮುದಲಾಳಿಯ ಎದುರಿಗೆ ಹೋಗಿ ನಿಂತು ಹೇಳಿದೆವು. ಅವರು ಒಪ್ಪಲಿಲ್ಲ. ಒಂದು ಮೆಷಿನ್ನಿಗೆ ಇಬ್ಬರಿಗೆ ಕಲಿಸಬೇಕು, ಇಬ್ಬರಿಗೂ ಇ.ಎಸ್.ಐ. ಕಟ್ಟಬೇಕು, ಪೀಸ್ ಕೆಟ್ಟರೆ ಯಾರನ್ನು ಕೇಳುವುದು? "ಬೆಳಗ್ಗೆಯೋಳು ಮಧ್ಯಾಹ್ನದೋಳ ಮೇಲೆ ಹಾಕ್ತಾಳೆ, ಅವಳು ಇವಳ ಮೇಲೆ. ಒಂದಕ್ಕೆ ಇಬ್ಬರು ಆಗದಮ್ಮಾ."

ಅವರ ತಲೆಯ ಮೇಲೆ ಗೋಡೆಯಲ್ಲಿ ಮರುದಮಲೈ ಮುರುಗನ ಪಟ. ಎರಡೂ ಪಕ್ಕದಲ್ಲಿ ಹೆಂಡತಿಯರು ವಳ್ಳಿ, ದೇವಯಾನೈ. ಅಕ್ಕ ಆ ಕಡೆ ಕೈ ಮುಗಿದಳು.

"ಅಪ್ಪನಿಗೇ ಇಬ್ಬರು ಆಗುತ್ತೆ ಸಾಮಿ. ನಿಮ್ಮ ರೋಬೋಗೆ ಆಗಲ್ವಾ?"

ಎಂಜಿನಿಯರ್ ಬಾಗಿಲಲ್ಲಿ ನಿಂತಿದ್ದ. "ಕಲಿಸೋದು ನನ್ನ ಕೆಲಸ ಸಾರ್. ಇಬ್ಬರಿಗೂ ಈಗಾಗಲೇ ಅರ್ಧಕ್ಕರ್ಧ ಗೊತ್ತಿದೆ," ಅಂದ. ಮುದಲಾಳಿ ಪಟವನ್ನು ನೋಡಿದರು, ನಮ್ಮನ್ನು ನೋಡಿದರು. ನಕ್ಕರು ಅಂತ ಹೇಳಲಾರೆ. ಕುಂಕುಮದ ಸಿಟ್ಟು ಮಾತ್ರ ಮುಖದಿಂದ ಇಳಿಯಿತು. "ತೈ ಪೊಂಗಲ್‌ವರೆಗೆ ನೋಡೋಣ. ಒಂದು ವ್ಯಾನ್ ಖಾಲಿ ಹೋದರೂ ಈ ಮಾತು ಮುಗೀತು," ಅಂದರು.

ಹೀಗೆ ನಡೆಯುತ್ತಿದೆ. ಪೊಂಗಲ್ ಕಳೆಯಿತು. ಮುದಲಾಳಿ ಏನೂ ಹೇಳಿಲ್ಲ, ನಾವೂ ನೆನಪಿಸಿಲ್ಲ. ಮಾಡುವುದಕ್ಕೆ ಹ್ಯಾಗಿದೆ ಅಂತ ಕೇಳಿದರೆ, ಕಷ್ಟವೇನಿಲ್ಲ. ಕವರನ್ನು ಮಡಿಲಲ್ಲಿ ಇಡಬೇಕು, ಕಿವಿಗಳನ್ನು ಅದರದರ ಗೂಡಿನಲ್ಲಿ ಕೂರಿಸಬೇಕು, ಕೈ ಹೊರಗೆ ತೆಗೆದು ಎರಡು ಕೈಯಲ್ಲಿ ಎರಡು ಹಸಿರು ಗುಂಡಿ ಒತ್ತಬೇಕು. ತೋಳು ಇಳಿಯುತ್ತದೆ, ನಾಲ್ಕು ಸಲ ಕಚ್ಚುತ್ತದೆ, ಏಳುತ್ತದೆ. ಕಿಡಿ ನಮ್ಮ ತೋಳಿಗೆ ಬೀಳುವುದಿಲ್ಲ, ರವಿಕೆ ಸುಡುವುದಿಲ್ಲ. ಅದನ್ನೂ ಎಣಿಸುತ್ತೇನೆ. ಚುಚ್ಚುವುದು ಅದು. ಹಿಡಿದುಕೊಳ್ಳುವ ಮಾಮನ ಕೆಲಸ ಮಾತ್ರ ನಮಗೆ ಉಳಿದಿದೆ.

ಒಂದೇ ಕೊರತೆ, ಇಬ್ಬರೂ ಒಟ್ಟಿಗೆ ಕೂರುವುದಿಲ್ಲ. ಮುರೆ ಬದಲಾಗುವಾಗ ಅವಳು ಏಳುತ್ತಾಳೆ, ನಾನು ಕೂರುತ್ತೇನೆ. ಆ ಎರಡು ಮಾತಿನಷ್ಟು ಹೊತ್ತು ಮಾತ್ರ ನಮ್ಮ ಕನ್ನಡ. ಅವಳ ಗಂಡನ ಕಿವಿ ಮೆಷಿನ್ ಬಂತು ಅಂತ ಹಾಗೇ ನಿಂತುಕೊಂಡು ಹೇಳಿದಳು. "ಈಗ ನಾನು ಬೈಯೋದೆಲ್ಲ ಕೇಳಿಸುತ್ತಂತೆ. ತೆಗೆದಿಟ್ಟುಬಿಡ್ತಾರೆ."

ಕಳೆದ ವಾರ ನಾನು ಹೋದಾಗ ಹೊಸಬನೊಬ್ಬ ಮೆಷಿನ್ನಿನ ಮುಂದೆ ಬಗ್ಗಿ ನಿಂತಿದ್ದ. ಕೈಯಲ್ಲಿ ಅಳತೆಯ ಟೇಪು. ಮಾಮನ ಮಡಿಲಿನ ಅಗಲ ಅಳೆದ, ಆಳ ಅಳೆದ, ಒಂದು ಕಿವಿಯನ್ನು ಜೇಬಿಗೆ ಹಾಕಿಕೊಂಡ. ಕಿವಿಗಳನ್ನು ತಾನೇ ಅಲುಗಿಸಿ ಸಾಲಾಗಿಸಿ ಗೂಡಿಗೆ ಬಿಡುವ ಒಂದು ಬಟ್ಟಲು ಬರುತ್ತದಂತೆ, ಸೂಪರ್‌ವೈಸರ್ ನೆಲ ನೋಡಿಕೊಂಡು ಹೇಳಿದ. ಯಾವಾಗ ಅಂತ ಅವನಿಗೂ ಗೊತ್ತಿಲ್ಲ.

"ಮಡಿಲನ್ನೂ ಅಳೆದು ಹೋದ ನೋಡು ಅಮ್ಮಿಣಿ," ಅಂದಳು ಅಕ್ಕ ಸೆರಗು ಕೊಡವಿಕೊಳ್ಳುತ್ತಾ. "ಮಾಮನಿಗೇ ಬದಲಿ ಮಾಮ."

"ಬರಲಿ ಅಕ್ಕಾ. ಬಂದ ದಿನ ನೋಡೋಣ."

"ಬಂದ್ರೆ ಅದಕ್ಕೂ ಕುಂಕುಮ ಇಡ್ತೀಯಾ?"

"ಇಡ್ತೀನಿ. ಕಣ್ಣು ಎಲ್ಲಿದೆ ಅಂತ ಮೊದಲೇ ಕೇಳಿ ಇಡ್ತೀನಿ."

ಅವಳು ನಕ್ಕು, ಡಬ್ಬಿ ಎತ್ತಿಕೊಂಡು ಬಸ್ಸಿಗೆ ಓಡಿದಳು. ನಾನು ಮಡಿಲಿಗೆ ಬ್ರಷ್ ಹಾಕಿ, ಬಿಳಿ ಟೇಪಿನ ಚೌಕದಲ್ಲಿದ್ದ ಕುಂಕುಮವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತೆ. ಸ್ಟೂಲು ಇನ್ನೂ ಬೆಚ್ಚಗಿತ್ತು, ಈಗಷ್ಟೇ ಎದ್ದುಹೋದವಳ ಬಿಸಿ. ಅದನ್ನೂ ಎಣಿಸಿಕೊಂಡೆ. ಕವರ್ ಇಟ್ಟು, ಕಿವಿ ಕೂರಿಸಿ, ಎರಡು ಕೈಯನ್ನೂ ಹೊರಗೆ ತೆಗೆದೆ.